ಕಾವಲಕ್ಕನ ಕೊನೆಯ ತಟ್ಟೆ

ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವ ಆ ಹೆಂಗಸನ್ನು ಎಲ್ಲರೂ ಕಾವಲಕ್ಕ ಅಂತಲೇ ಕರೆಯುತ್ತಿದ್ದರು. ಬೆಚ್ಚನೆಯ ಪೆಟ್ಟಿಗೆಯ ಬಾಗಿಲನ್ನು ಯಾರಾದರೂ ಒಂದು ಗಳಿಗೆ ಹೆಚ್ಚು ತೆರೆದಿಟ್ಟರೆ ಸಾಕು, "ನಿಮ್ಮನೆ ಮಗುವಾಗಿದ್ರೆ ಹೀಗೆ ಚಳೀಲಿ ಬಿಡ್ತಿದ್ರಾ?" ಎಂದು ಮೈಮೇಲೆ ಬೀಳುತ್ತಿದ್ದಳು. ಅಂಥವಳ ಕೈಯಲ್ಲೇ, ಅದೂ ಸ್ವಂತ ತಂಗಿಯ ಜೀವಕೋಶಗಳು, ಒಂದು ತಟ್ಟೆಯ ತುಂಬ ಸತ್ತು ಬಿದ್ದಿದ್ದವು!

ಕರುಳು ಹುಣ್ಣಾಗಿ ತಂಗಿ ಆಸ್ಪತ್ರೆ ಸೇರಿದ್ದಳು. ಯಾವ ಔಷಧಿಯೂ ನಾಟಿರಲಿಲ್ಲ. ಅವಳ ಕರುಳಿನ ಚೂರಿನಿಂದ ಬೆಳೆಸಿದ್ದು ಎರಡೇ ತಟ್ಟೆ. ಅವುಗಳ ಮೇಲೆ ಹೊಸ ಮದ್ದೊಂದನ್ನು ಪರೀಕ್ಷಿಸುವುದು, ಫಲ ಕಾಣದಿದ್ದರೆ ದೊಡ್ಡ ಕರುಳನ್ನೇ ಕೊಯ್ದು ತೆಗೆಯುವುದು ಎಂದು ಡಾಕ್ಟರಮ್ಮ ಹೇಳಿಯಾಗಿತ್ತು.

"ಏನು ಹಾಕಿದ್ರಿ ಇದಕ್ಕೆ?" ಡಾಕ್ಟರಮ್ಮನ ದನಿ ಗಡುಸಾಗಿತ್ತು.

ಹೊಸ ತಟ್ಟೆಗೆ ಹಳೆಯ ತಟ್ಟೆಯಲ್ಲಿ ಕೋಶಗಳು ಬೆಳೆದ ಪೋಷಕ ನೀರನ್ನು ತುಸು ಬೆರೆಸುವುದು ಕಾವಲಕ್ಕನ ರೂಢಿ. ಹಾಗೆ ಮಾಡಿದರೆ ಹೊಸ ಕೋಶಗಳು ಬೇಗ ಚೇತರಿಸಿಕೊಳ್ಳುತ್ತವೆ. "ತಂಗಿ ಬಿಳಿ ರಕ್ತಕಣ ಬೇರೆ ತಟ್ಟೇಲಿ ಇಟ್ಟಿದ್ವಲ್ಲ, ಆ ತಟ್ಟೆ ನೀರು ಹಾಕಿದೆ. ಅವಳದ್ದೇ ಅಲ್ವಾ, ಒಗ್ಗುತ್ತೆ ಅನ್ಕೊಂಡೆ."

"ಅಯ್ಯೋ! ಅದರ ತುಂಬ ಅಪಾಯದ ಸುದ್ದಿ ಸಾರೋ ಪ್ರೋಟೀನುಗಳು ಕಣ್ರೀ. ಒಂದೊಂದೇ ಬಂದ್ರೆ ಕೋಶ ತಡ್ಕೊಳ್ಳುತ್ತೆ. ಎರಡು ಒಟ್ಟಿಗೆ ಬಂದ್ರೆ ತನ್ನನ್ನ ತಾನೇ ಕೊಂದ್ಕೊಳ್ಳುತ್ತೆ." ಬೈಯಲು ಹೊರಟವರು ತಟ್ಟನೆ ನಿಂತರು. "ತಡೀರಿ. ಅವಳ ಕರುಳಲ್ಲೂ ಇದೇ ನಡೀತಿರಬೇಕು."

ಬೇಲಿಯೇ ಎದ್ದು ಹೊಲ ಮೇಯ್ದರೆ ದೂರುವುದು ಯಾರಿಗೆ? ಮೈ ಕಾಯಬೇಕಾದ ಕಣಗಳೇ ಕರುಳಿಗೆ ಸಾಯಲು ಹೇಳುತ್ತಿದ್ದವು. ಹೊಸ ಮದ್ದು ಆ ಮಾತು ಕೋಶದೊಳಗೆ ಇಳಿಯದಂತೆ ತಡೆಯುವಂಥದ್ದು. ತಡೆಯುತ್ತದೋ ಇಲ್ಲವೋ ನೋಡಲು ಒಂದೇ ದಾರಿ: ಉಳಿದ ತಟ್ಟೆಗೆ ಮೊದಲು ಮದ್ದು, ಆಮೇಲೆ ಅದೇ ಹಾಳು ನೀರು. ಇದೂ ಸತ್ತರೆ ಕತ್ತರಿಯೇ ಗತಿ.

"ನೀವೇ ಹಾಕಿ," ಎಂದರು ಡಾಕ್ಟರಮ್ಮ.

"ತಿಳೀದೆ ಹಾಕಿದ್ದೇ ಸಾಕಾಗಿದೆ. ಈಗ ತಿಳಿದೂ ತಿಳಿದೂ ಹಾಕ್ಲಾ?"

"ನಿಮ್ಮಷ್ಟು ಹದವಾದ ಕೈ ಇಲ್ಲಿ ಯಾರಿಗಿದೆ?"

ಹಲ್ಲು ಕಚ್ಚಿಕೊಂಡು ಹಾಕಿದಳು.

ಮರುದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಡಾಕ್ಟರಮ್ಮ ಅವಳನ್ನು ಸರಿಸಿ ತಾವೇ ನೋಡಿದರು. "ಆಪರೇಷನ್ ಸದ್ಯಕ್ಕೆ ಬೇಡ. ಮದ್ದು ಕೊಟ್ಟು ನೋಡೋಣ," ಎಂದರು.

ತಂಗಿಗೆ ಫೋನು ಹಚ್ಚಿದಳು. ಮಾತಿಗೆ ಮೊದಲು ಅಳುವೇ ಬಂತು.

"ಯಾಕಕ್ಕಾ ಅಳ್ತಿದೀಯಾ? ಸತ್ತೋದ್ವಾ?"

"ಇಲ್ಲ ಕಣೇ. ಸಾಯಿ ಅಂದ್ರೂ ಸಾಯ್ಲಿಲ್ಲ. ನಿನ್ನ ಥರಾನೇ, ಹೇಳಿದ ಮಾತು ಕೇಳೋ ಜಾತಿಯಲ್ಲ ಅವು."