ಹಿಂದೆ ನಿಂತ ಗಿಟಾರು

ಇವತ್ತು ಸಾರಕ್ಕಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಗೆಳೆಯ ಕಳಿಸಿದ್ದ ಆಲ್ಬಮ್ ಕೇಳಿದೆ. ಯಾವ್ಯಾವುದೋ ದೇಶದ ಸಂಗೀತ ಬೆರೆಸಿ ಇಬ್ಬರೇ ಗಿಟಾರ್ ನುಡಿಸಿದ್ದಾರೆ. ಒಬ್ಬ ರಾಗ ನುಡಿಸಿದರೆ, ಇನ್ನೊಬ್ಬ ಗಿಟಾರಿನ ಮರಕ್ಕೆ ಅಂಗೈ ಬಡಿಯುತ್ತಾ ತಾಳ ಹಿಡಿಯುತ್ತಾನೆ. ಆ ಬಡಿತ ಕೇಳಿದ್ದೇ ಅಪ್ಪ ನೆನಪಾದರು.

ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಅಪ್ಪ ಹಿಂದೆ ನಿಂತು ಗಿಟಾರಿನಲ್ಲಿ ತಾಳ ಹಿಡಿಯುತ್ತಿದ್ದರು. ಮನೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ಅಮ್ಮ ಅದೇ ತಾಳಕ್ಕೆ ಹುರುಳಿಕಾಯಿ ಹೆಚ್ಚುತ್ತಿದ್ದಳು. ಒಂದು ಹಬ್ಬದಲ್ಲಿ, ಕತ್ರಿಗುಪ್ಪೆಯ ಸ್ಟೇಜಿನ ಪಕ್ಕ, ಆರ್ಕೆಸ್ಟ್ರಾ ನಡೆಸುವವನು ನನ್ನೆದುರೇ ಅಪ್ಪನಿಗೆ ಅಂದ:

"ಗುರು, ನೀನು ಬರೀ ತಂತಿ ಕೆರೀತಿಯ ಅಷ್ಟೇ. ಅದು ಕೀಬೋರ್ಡಲ್ಲೇ ಬರತ್ತೆ. ನಾಳೆಯಿಂದ ಬರ್ಬೇಡ."

"ಸರಿ ಸಾರ್," ಅಂದರು ಅಪ್ಪ.

ಅವನ ಕೀಬೋರ್ಡನ್ನು ಒದೆಯುವಷ್ಟು ಸಿಟ್ಟು ಬಂದಿತ್ತು ನನಗೆ. ಗಿಟಾರ್ ಅಟ್ಟ ಸೇರಿತು. ಆಮೇಲೆ ಮನೆಗೆ ದುಡ್ಡು ಸಾಲದೆ ನಾನು ಸ್ಕೂಲು ಬಿಟ್ಟೆ, ಆ ಸಿಟ್ಟು ಮಾತ್ರ ಬಿಡಲಿಲ್ಲ.

ಸಂಜೆ ಮನೆಗೆ ಬಂದವನೇ ಅಪ್ಪನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅದೇ ಆಲ್ಬಮ್ ಹಾಕಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿಗೆ ಬಲಗೈ ತೊಡೆಯನ್ನು ಬಡಿಯತೊಡಗಿತು.

"ಹಿಂದ್ಗಡೆ ತಾಳ ಹಿಡಿದವ್ನೇ ಸಖತ್ ಕಣೋ," ಅಂದರು.

ನಾನು ಸ್ಟೂಲ್ ಎಳೆದುಕೊಂಡು ಅಟ್ಟಕ್ಕೆ ಕೈ ಹಾಕಿದೆ.