ಸ್ವೀಡನ್ನಿಗೆ ಕಳಿಸಿದ ಚುನಾವಣೆ

"ಸರ್, ನಾವು ಯಾವಾಗ ಓಟು ಹಾಕಿದ್ವಿ?"

ನನ್ನ ಬೆನ್ನ ಹಿಂದೆ ನಿಂತು ಕಂಪ್ಯೂಟರ್ ಪರದೆಯನ್ನು ಓದುತ್ತಿದ್ದ ಏಳನೇ ತರಗತಿಯ ಹುಡುಗಿ ಹೀಗೆ ಕೇಳಿದಾಗ, ಟೈಪ್ ಮಾಡುತ್ತಿದ್ದ ನನ್ನ ಕೈ ನಿಂತುಹೋಯಿತು. ಊರಿಗೆ ಇಂಟರ್ನೆಟ್ ಹೊಸದಾಗಿ ಬಂದಿದ್ದ ಕಾಲ. ಭದ್ರಾವತಿ ನ್ಯೂ ಟೌನಿನ ಶಾಲೆಯೊಂದರಲ್ಲಿ ನಾನು ಕಂಪ್ಯೂಟರ್ ಮೇಷ್ಟ್ರು. ಸ್ವೀಡನ್ ದೇಶದ ಶಾಲೆಯೊಂದರ ಮಕ್ಕಳು ನಮ್ಮ ಮಕ್ಕಳಿಗೆ ಇ-ಮೇಲ್ ಬರೆದು, ನೀವು ಕ್ಲಾಸ್ ಲೀಡರನ್ನು ಹೇಗೆ ಆರಿಸುತ್ತೀರಿ ಎಂದು ಕೇಳಿದ್ದರು. ಮಕ್ಕಳ ಹೆಸರಿನಲ್ಲಿ ಉತ್ತರ ಗೀಚಿಕೊಟ್ಟವರು ನಮ್ಮ ಹೆಡ್‌ಮಾಸ್ಟರು. ಗುಪ್ತ ಮತದಾನವಂತೆ, ಮತಪೆಟ್ಟಿಗೆಯಂತೆ, ಎಣಿಕೆಯಂತೆ! ಅಸಲಿಗೆ ಅವರೇ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬನತ್ತ ಬೆರಳು ತೋರಿಸಿ, "ನೀನೇ ಲೀಡರು" ಎಂದಿದ್ದರು, ಅಷ್ಟೇ.

ಪಕ್ಕದಲ್ಲೇ ಇದ್ದ ಹೆಡ್‌ಮಾಸ್ಟರು ನಕ್ಕರು. "ಅದು ಫಾರಿನ್ನಿನವರಿಗೆ ಬರ್ದಿದ್ದು ಮಾರಾಯ್ತಿ, ನಿಂಗಲ್ಲ. ಹೋಗಿ ಕೂತ್ಕೋ."

ವಾರದೊಳಗೆ ಸ್ವೀಡನ್ನಿನ ಮಕ್ಕಳ ಉತ್ತರ ಬಂತು. ಗೆದ್ದವರಿಗೆ ಅಭಿನಂದನೆ ಹೇಳಿ, ಸೋತವರು ಯಾರು, ಅವರಿಗೆ ಬೇಜಾರಾಯಿತೇ ಎಂದು ಪಾಪ ವಿಚಾರಿಸಿದ್ದರು. ಹೆಡ್‌ಮಾಸ್ಟರು ಒಂದು ಕ್ಷಣವೂ ಯೋಚಿಸಲಿಲ್ಲ. "ಮೊನ್ನೆ ಓಟಿನ ವಿಷ್ಯ ಕೇಳಿದ್ಳಲ್ಲ ಮೇಷ್ಟ್ರೇ, ಅವಳ ಹೆಸ್ರೇ ಹಾಕಿ. ಖುಷಿಯಿಂದ ಸೋಲು ಒಪ್ಕೊಂಡ್ಳು ಅಂತ ಬರೀರಿ."

ಆ ಪತ್ರಗಳ ಪ್ರತಿಗಳಿಗೆ ಗಾಜಿನ ಚೌಕಟ್ಟು ಹಾಕಿಸಿ ಅವರು ಆಫೀಸಿನ ಗೋಡೆಗೆ ತೂಗುಹಾಕಿದರು. ಬಂದವರಿಗೆಲ್ಲ ಅದನ್ನೇ ತೋರಿಸಿ ಪ್ರಜಾಪ್ರಭುತ್ವದ ಬಗ್ಗೆ ಕೊರೆಯುತ್ತಿದ್ದರು. ಅವರನ್ನು ಬೈಯಲು ನನಗೇನು ಯೋಗ್ಯತೆಯಿದೆ? ನಡೆಯದೇ ಇದ್ದ ಚುನಾವಣೆಯಲ್ಲಿ ಆ ಹುಡುಗಿಯನ್ನು ಸೋಲಿಸಿದ್ದು ನನ್ನದೇ ಹತ್ತು ಬೆರಳು.