ಹಪ್ಪಳದ ಚಾಪೆ ಮತ್ತು ಬೋಜಣ್ಣನ ಸೋಗೆ

ಕಾಣಿಯೂರಿನ ಬೋಜಣ್ಣ ಅಡಿಕೆ ಮರ ಹತ್ತುವುದನ್ನು ಬಿಟ್ಟು ಒಂಬತ್ತು ವರ್ಷವಾಯಿತು. ಈಗ ಬಸ್ಸಿನಲ್ಲಿ ನಮ್ಮ ದರ್ಬೆಗೆ ಬಂದು ನಾಲ್ಕಾರು ಮನೆಗಳ ಹೂಗಿಡ ನೋಡಿಕೊಳ್ಳುತ್ತಾರೆ. ನೆಲಕ್ಕಿಳಿದ ಮೇಲೆಯೇ ತನಗೆ ಗಿಡಗಳ ಮುಖ ಕಂಡದ್ದು ಎನ್ನುತ್ತಾರೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಅವರ ಬಗ್ಗೆ ಬರೆಯದೆ ಮನಸ್ಸು ಕೇಳುವುದಿಲ್ಲ.

ಪಕ್ಕದ ಮನೆಯ ಶೀಲಾವತಿ ಮಗಳ ಬಾಣಂತನಕ್ಕೆ ಮಡಿಕೇರಿಗೆ ಹೋಗುವಾಗ ಮಣ್ಣಿನ ಚಟ್ಟಿಯಲ್ಲಿದ್ದ ಒಂದು ಗಿಡವನ್ನು ನನಗೆ ಒಪ್ಪಿಸಿದ್ದಳು. ಮೇಪಲ್ ಅಂತೆ ಅದರ ಹೆಸರು. ಮಗು ಅಂಗೈ ಬಿಡಿಸಿದ ಹಾಗೆ ಕೆಂಪು ಕೆಂಪು ಎಲೆ. ತೀರಿಹೋದ ಅವಳ ತಮ್ಮ ಊಟಿಯಿಂದ ತಂದುಕೊಟ್ಟದ್ದು.

"ನೆರಳಲ್ಲೇ ಇರ್ಲಿ ಅಕ್ಕ. ಅವನ ನೆನಪಿಗೆ ಅಂತ ನನ್ನ ಹತ್ರ ಇರುದು ಇದೊಂದೇ" ಅಂದಿದ್ದಳು.

ಹದಿನೈದು ದಿನ ಜಗಲಿಯಲ್ಲೇ ಇಟ್ಟೆ. ಏಪ್ರಿಲಿನಲ್ಲಿ ಹಲಸಿನ ಹಪ್ಪಳ ತಟ್ಟಿ ತಾರಸಿಯಲ್ಲಿ ಒಣಗಿಸುವಾಗ ಗಾಳಿಗೆ ಚಾಪೆ ಮಗುಚತೊಡಗಿತು. ಮೂರು ಮೂಲೆಗೆ ಕಲ್ಲಿತ್ತು, ನಾಲ್ಕನೆಯದಕ್ಕೆ ಇರಲಿಲ್ಲ. ಒಂದು ಗಳಿಗೆಗೆ ಅಂತ ಆ ಚಟ್ಟಿಯನ್ನೇ ಭಾರಕ್ಕೆ ಇಟ್ಟೆ. ಸಂಜೆ ಹಪ್ಪಳ ಒಳಗೆ ಬಂತು, ಚಟ್ಟಿ ಮರೆತೇಹೋಯಿತು. ನಾಲ್ಕನೇ ದಿನ ನೆನಪಾಗಿ ಓಡಿದರೆ ಎಲೆಗಳೆಲ್ಲ ಸುಟ್ಟು ಮುರುಟಿದ್ದವು. ಚಟ್ಟಿಯನ್ನು ಎತ್ತಿಕೊಂಡು ಕೆಳಗಿಳಿದೆ.

ಕೆಲಸಕ್ಕೆ ಬಂದ ಬೋಜಣ್ಣ ತಲೆಯ ಹಾಳೆ ಮುಟ್ಟಾಳೆಯನ್ನು ಹಿಂದಕ್ಕೆ ಸರಿಸಿ ನೋಡಿದರು.

"ಎಂತ ಮಾರಾಯ್ರೆ, ಹಪ್ಪಳ ಒಣಗಿಸಿದ್ದಾ, ಗಿಡ ಒಣಗಿಸಿದ್ದಾ?"

"ತಮಾಷೆ ಬೇಡ ಬೋಜಣ್ಣ. ಸತ್ತೇಹೋಯ್ತಾ? ಅವಳಿಗೆ ನಾನು ಎಂತ ಹೇಳುದು?"

ಅವರು ಕಡ್ಡಿಯಂತಿದ್ದ ಕೊಂಬೆಯನ್ನು ಉಗುರಿನಿಂದ ಒಂದು ಚೂರು ಕೆರೆದರು. ಒಳಗೆ ಹಸಿರು! ಎಪ್ಪತ್ತಾರು ವರ್ಷ ಗಿಡಮರಗಳ ನಡುವೆಯೇ ಕಳೆದವಳು ನಾನು. ಒಣ ತೊಗಟೆಯ ಅಡಿಯಲ್ಲಿ ಅಷ್ಟು ಹಸಿ ಬಣ್ಣ ಅಡಗಿ ಕೂತಿರುತ್ತದೆ ಎಂದು ಗೊತ್ತೇ ಇರಲಿಲ್ಲ. ಮೈ ಜುಮ್ಮೆಂದಿತು.

"ಜೀವ ಉಂಟು. ಕತ್ತರಿ ತಾಗಿಸ್ಬೇಡಿ, ಗೊಬ್ಬರ ಹಾಕ್ಬೇಡಿ. ಜ್ವರದವರಿಗೆ ಹೋಳಿಗೆ ಬಡಿಸುದುಂಟಾ?"

ಚಟ್ಟಿಯನ್ನು ಬಾವಿಕಟ್ಟೆಯ ಮೂಡು ಬದಿಗೆ ಇಟ್ಟರು. ಎಳೆ ಅಡಿಕೆ ಸಸಿಗೆ ಕಟ್ಟುವಂತೆ ಪಡುವಣ ಬಿಸಿಲಿಗೆ, ಗಾಳಿಗೆ ಅಡ್ಡವಾಗಿ ಅಡಿಕೆ ಗರಿಯ ಸೋಗೆ ಕಟ್ಟಿದರು. ಕಾಂಡಕ್ಕೆ ತೆಳುವಾಗಿ ಸುಣ್ಣ, ಬುಡಕ್ಕೆ ತರಗೆಲೆ, ಬೆಳಿಗ್ಗೆ ಮಾತ್ರ ನೀರು. ಮತ್ತೆ ಕಾಯುವುದು. ನನಗೆ ತಡೆಯದೆ ದಿನಾ ಒಂದೊಂದು ಕಡೆ ಕೆರೆದು ನೋಡುತ್ತಿದ್ದೆ.

"ನೀವು ಹೀಗೆ ಕೆರೆದ್ರೆ ಅದಕ್ಕೆ ಬಿಸಿಲೇ ವಾಸಿ ಅನ್ಸಬಹುದು ಅಕ್ಕ" ಎಂದು ಬೋಜಣ್ಣ ಬೈದರು.

ಸೋಗೆ ಕಟ್ಟಿದ ಇಪ್ಪತ್ತನಾಲ್ಕನೇ ದಿನ ಹೇಳದೆ ಕೇಳದೆ ಶೀಲಾವತಿ ಬಂದಿಳಿದಳು. ಸುಟ್ಟ ಎಲೆ ಕಂಡು ಅಲ್ಲೇ ನಿಂತಳು. ಚಾಪೆಯ ಕಥೆಯನ್ನು ನಾನು ಏನೂ ಮುಚ್ಚಿಡದೆ ಹೇಳಿದೆ. ಅವಳು ಒಂದು ಸುಟ್ಟ ಎಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ನೀರು ಹನಿಸುತ್ತಿದ್ದ ಬೋಜಣ್ಣ, "ಇಲ್ಲಿ ಬಗ್ಗಿ ನೋಡಿ" ಅಂದರು.

ಸುಟ್ಟ ಎಲೆಯ ತೊಟ್ಟಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಕೆಂಪು. ಅದರ ಮೇಲೆ ಇನ್ನೊಂದು. ಅದರಾಚೆ ಒಂದು ಆಗಲೇ ಬಿರಿದು, ಹುಟ್ಟಿದ ಮಗುವಿನ ಮುಷ್ಟಿಯ ಹಾಗೆ ಸುಕ್ಕುಸುಕ್ಕಾಗಿತ್ತು. ಹಿಂದಿನ ಸಂಜೆ ಅದು ಅಲ್ಲಿರಲಿಲ್ಲ, ಆಣೆಗೂ. ಮೂವರೂ ಉಸಿರು ಬಿಗಿಹಿಡಿದು ಬಗ್ಗಿ ನಿಂತೆವು.

ಶೀಲಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಿಡವನ್ನು ಮನೆಗೆ ಒಯ್ಯಲಿಲ್ಲ.

"ಸೋಗೆ ಬಿಚ್ಚುವವರೆಗೆ ನಿಮ್ಮಲ್ಲೇ ಇರ್ಲಿ ಅಕ್ಕ. ನಾನು ನಾಡಿದ್ದು ಪುನಃ ಮಡಿಕೇರಿಗೆ ಹೋಗುದುಂಟು" ಅಂದಳು. ಮತ್ತೆ ಮೆಟ್ಟಿಲಿಳಿಯುತ್ತಾ ತಿರುಗಿ, "ಆ ಹಪ್ಪಳ ಇನ್ನೂ ಉಂಟಾ?" ಎಂದು ಕೇಳಿದಳು.